ಗುಂಡಿನ ಮೇಲಿನ ಗೆರೆ

ತಿಂಡಿ ತಟ್ಟೆಯ ಪಕ್ಕದಲ್ಲಿ, ಚಹಾದ ಲೋಟಕ್ಕೂ ಉಪ್ಪಿನ ಡಬ್ಬಿಗೂ ನಡುವೆ, ಒಂದು ಉಕ್ಕಿನ ಗುಂಡು ಇತ್ತು. ಕಡಲೆಕಾಳಿನಷ್ಟು ಗಾತ್ರ. ಉರುಳಿಹೋಗದಿರಲೆಂದು ಯಾರೋ ಅದನ್ನು ಬಾಟಲಿಯ ಮುಚ್ಚಳದೊಳಗೆ ಕೂರಿಸಿದ್ದರು. ಯಾರೋ ಏನು ಬಂತು, ಹೆಂಡತಿಯೇ, ಮನೆಯಲ್ಲಿದ್ದವರೇ ಇಬ್ಬರು. ಆದರೂ ಮೇಸ್ತ್ರಿಯ ಮನಸ್ಸಿಗೆ ಮೊದಲು ಬಂದದ್ದು ‘ಯಾರೋ’ ಎಂದೇ. ಕೆಲವು ತಿಂಗಳಿಂದ ಆ ಮನಸ್ಸು ಹಾಗೇ ಆಗಿಬಿಟ್ಟಿತ್ತು: ಬಾಗಿಲು ಅರ್ಧ ತೆರೆದಿದ್ದರೆ ಯಾರೋ ತೆರೆದಿದ್ದಾರೆ, ಗಡಿಯಾರ ಎರಡು ನಿಮಿಷ ಮುಂದಿದ್ದರೆ ಯಾರೋ ಮುಳ್ಳು ತಿರುಗಿಸಿದ್ದಾರೆ. ಗುಂಡನ್ನು ಮುಟ್ಟದೆ ಅವನು ತಿಂಡಿ ತಿನ್ನತೊಡಗಿದ. ನಿಮ್ಮ ನೀಲಿ ಅಂಗಿಯ ಜೇಬಲ್ಲಿತ್ತು, ಒಗೆಯೋಕೆ ಹಾಕುವಾಗ ಸಿಕ್ಕಿತು ಎಂದಳು ಹೆಂಡತಿ ಒಳಗಿನಿಂದ. ಹಳೇದು, ಕೆಲಸಕ್ಕೆ ಬಾರದ್ದು ಎಂದ. “ಹಳೇದಾ?” ಎಂದಳು. ಆ ಒಂದು ಮಾತನ್ನು ಅವನು ತಿಂಡಿಯ ಜೊತೆಗೇ ಅಗಿದು ನೋಡಿದ. ಅಂಗಿಯನ್ನು ಅವಳು ಒಗೆಯಲು ಹಾಕಿದ್ದು ನಿನ್ನೆ ಸಂಜೆ. ಅಂದರೆ ಗುಂಡು ನಿನ್ನೆಯಿಂದ ಅವಳ ಹತ್ತಿರವೇ ಇತ್ತು. ಆಗಲೇ ಯಾಕೆ ಕೊಡಲಿಲ್ಲ? ಮತ್ತೆ ನಿನ್ನೆ ಸಂಜೆ ಹಿತ್ತಲಲ್ಲಿ ನಲ್ಲಿ ಬಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದದ್ದು ಯಾರ ಹತ್ತಿರ? ನೀರಿನ ಸದ್ದಿನಲ್ಲಿ ಯಾರಾದರೂ ಫೋನ್ ಮಾಡುತ್ತಾರೆಯೇ, ಗುಟ್ಟಿದ್ದವರ ಹೊರತು? ಕೇಳಬಹುದಿತ್ತು. ಕೇಳದೆ ಕೈ ತೊಳೆದ.

ನಿನ್ನೆ ಮಧ್ಯಾಹ್ನ ಅವನು ರಿಪೇರಿ ಶೆಡ್ಡಿನಲ್ಲಿ, ಕ್ವಾರಿಯಲ್ಲಿ ಕಲ್ಲು ಎತ್ತಿ ತುಂಬುವ ಲೋಡರಿನ ಸ್ಟೀರಿಂಗ್ ವಾಲ್ವ್ ಬಿಚ್ಚಿ, ಎಣ್ಣೆ ಸೋರದಂತೆ ತಡೆಯುವ ಸೀಲು ಬದಲಿಸಿ, ಮತ್ತೆ ಜೋಡಿಸಿ ಕಳಿಸಿದ್ದ. ಅದನ್ನು ಓಡಿಸುವವನು ಭಾಮೈದ, ಹೆಂಡತಿಯ ಒಬ್ಬನೇ ತಮ್ಮ. ಹತ್ತು ವರ್ಷದ ಹಿಂದೆ ಅವನಿಗೆ ಆ ಕೆಲಸ ಕೊಡಿಸಿದ್ದೂ ಮೇಸ್ತ್ರಿಯೇ. ಮೊದಲ ದಿನ ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿಕೊಟ್ಟಿದ್ದ: ನೋಡು, ನಿನ್ನ ಕೈಯಲ್ಲಿರೋ ಚಕ್ರಕ್ಕೂ ನೆಲದ ಮೇಲಿರೋ ಚಕ್ರಕ್ಕೂ ಮಧ್ಯೆ ಸರಳಿಲ್ಲ, ಸರಪಳಿಯಿಲ್ಲ, ಇರೋದು ಎಣ್ಣೆ ಮಾತ್ರ. ನೀನು ತಿರುಗಿಸಿದರೆ ಈ ವಾಲ್ವಿನ ಒಳಗೆ ಕೊಳವೆಯೊಳಗಿನ ಕೊಳವೆ ಒಂದು ಚೂರು ಸರಿಯುತ್ತೆ. ಎರಡರ ಕಂಡಿಗಳೂ ಎದುರುಬದುರಾಗುತ್ತವೆ. ಪಂಪಿನ ಎಣ್ಣೆ ಆ ಕಂಡಿಯಲ್ಲಿ ನುಗ್ಗಿ, ಕೆಳಗಿನ ಹಲ್ಲುಗಾಲಿ ಅಳೆದುಕೊಟ್ಟಷ್ಟೇ ಸಿಲಿಂಡರಿಗೆ ಹೋಗಿ, ಇಷ್ಟು ದೊಡ್ಡ ಬಂಡಿಯ ನಡು ಬಳುಕಿಸಿ ತಿರುಗಿಸುತ್ತೆ. ನೀನು ನಿಲ್ಲಿಸಿದರೆ ಒಳಗಿನ ಪಟ್ಟಿ ಸ್ಪ್ರಿಂಗುಗಳು ಕೊಳವೆಗಳನ್ನು ಮೊದಲಿನ ಜಾಗಕ್ಕೆ ತಂದು ಕಂಡಿ ಮುಚ್ಚುತ್ತವೆ. ಒಂದು ಬೆರಳಿನ ಒತ್ತಡಕ್ಕೆ ಹತ್ತು ಟನ್ ಮಾತು ಕೇಳುತ್ತೆ. ಭಾಮೈದ ಚಕ್ರದ ಮೇಲೆ ಎರಡೂ ಕೈ ಇಟ್ಟುಕೊಂಡು, “ಹಾಗಾದ್ರೆ ನಾನು ಹಿಡ್ಕೊಂಡಿರೋದು ಏನನ್ನ, ಭಾವ?” ಎಂದಿದ್ದ. “ನನ್ನ ಕೈನ,” ಎಂದಿದ್ದ ಮೇಸ್ತ್ರಿ. ಇಬ್ಬರೂ ನಕ್ಕಿದ್ದರು.

ಗುಂಡಿನ ಕೆಲಸ ಚಿಕ್ಕದು. ಪಂಪಿನ ಎಣ್ಣೆ ವಾಲ್ವಿಗೆ ಬರುವ ಬಾಯಲ್ಲೇ, ಹೋಸ್ ಪೈಪಿನ ನಟ್ಟಿನ ಹಿಂದೆ, ಒಂದು ಕುಳಿಯಲ್ಲಿ ಅದು ಕೂತಿರುತ್ತದೆ. ಒಳಗೆ ಬರುವ ಎಣ್ಣೆಗೆ ಸರಿದು ದಾರಿ ಬಿಡುತ್ತದೆ. ಹಿಂದಕ್ಕೆ ಹೊರಟ ಎಣ್ಣೆಗೆ ಬಾಯಿ ಮುಚ್ಚಿಬಿಡುತ್ತದೆ. ಒಮ್ಮುಖದ ಬಾಗಿಲು. ಗುಂಡಿಲ್ಲದಿದ್ದರೂ ಲೋಡರ್ ಸಮನೆಲದಲ್ಲಿ ಸಾಧು ಪ್ರಾಣಿಯೇ. ಶೆಡ್ಡಿನ ಅಂಗಳದಲ್ಲಿ ಎರಡು ಸುತ್ತು ಹಾಕಿಸಿದರೆ ಯಾವ ಬ್ರಹ್ಮನಿಗೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಇಳಿಜಾರಿನಲ್ಲಿ, ಇಂಜಿನ್ ನಿಧಾನಕ್ಕಿದ್ದಾಗ, ತಿರುಗಿಸುತ್ತಿರುವ ಹೊತ್ತಿಗೇ ಗಾಲಿ ಬಂಡೆಗೆ ಬಡಿದಾಗ. ಆ ಪೆಟ್ಟು ಎಣ್ಣೆಯೊಳಗೇ ಹಿಂದಕ್ಕೆ ಓಡಿಬಂದು ಕೈಯಲ್ಲಿರುವ ಚಕ್ರವನ್ನು ಒದ್ದು ಕಿತ್ತುಕೊಳ್ಳುತ್ತದೆ. ಹಾಗೆ ಹೆಬ್ಬೆರಳು ಮುರಿದುಕೊಂಡವರನ್ನು ಅವನು ನೋಡಿದ್ದ. ಆದರೆ ಕ್ವಾರಿಯ ದಾರಿಗೆ ಒಂದು ಪಕ್ಕ ಕಲ್ಲಿನ ಗೋಡೆ, ಇನ್ನೊಂದು ಪಕ್ಕ ಬರೀ ಗಾಳಿ. ಅಲ್ಲಿ ಚಕ್ರ ಕೈತಪ್ಪಿದರೆ ವಿಷಯ ಹೆಬ್ಬೆರಳಿಗೆ ಮುಗಿಯುವುದಿಲ್ಲ.

ನಿನ್ನೆ ಗುಂಡನ್ನು ತೊಳೆದು ಜೇಬಿಗೆ ಹಾಕಿಕೊಂಡದ್ದು ಚೆನ್ನಾಗಿ ನೆನಪಿತ್ತು. ಲೋಡರಿನ ಸೀಲಿನ ಪೊಟ್ಟಣದಲ್ಲಿ ಈ ಸಲ ಹೊಸ ಗುಂಡು ಬಂದಿರಲಿಲ್ಲ, ಹಳೆಯದನ್ನೇ ಹಾಕಬೇಕಿತ್ತು. ಮೇಜಿನ ಮೇಲೆ ಬಿಟ್ಟರೆ ಯಾರಾದರೂ ಎತ್ತಿಕೊಂಡು ಹೋಗುತ್ತಾರೆ, ಆಮೇಲೆ ಮೇಸ್ತ್ರಿ ಗುಂಡು ಕಳೆದ ಎಂದು ಶೆಡ್ಡೆಲ್ಲ ಆಡಿಕೊಳ್ಳುತ್ತದೆ ಎಂದು ಜೇಬಿಗೆ ಹಾಕಿಕೊಂಡಿದ್ದ. ಜೇಬಿನಿಂದ ತೆಗೆದು ವಾಲ್ವಿಗೆ ಹಾಕಿದ್ದು? ಅದು ನೆನಪಿಗೆ ಬರುತ್ತಿಲ್ಲ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದ ಕೈ ಏನು ಮಾಡಿತೆಂದು ತಲೆಗೆ ವರದಿ ಒಪ್ಪಿಸುವುದಿಲ್ಲ. ಹಾಗಂತ ಇದು ಲೋಡರಿನದೇ ಎನ್ನುವ ಹಾಗೂ ಇಲ್ಲ. ಹೋದ ವಾರ ರಸ್ತೆ ಸಮ ಮಾಡುವ ಗ್ರೇಡರಿನ ಪೊಟ್ಟಣದಲ್ಲಿ ಒಂದು ಗುಂಡು ಹೆಚ್ಚಿಗೆ ಬಂದಿತ್ತು, ಅದೂ ಇದೇ ಜೇಬಿಗೆ ಹೋಗಿತ್ತು, ಆಮೇಲೆ ತೆಗೆದಿಟ್ಟನೋ ಎಲ್ಲಾದರೂ ಬಿತ್ತೋ ನೆನಪಿಲ್ಲ, ಅಂಗಿ ವಾರದಿಂದ ನೀರು ಕಂಡಿರಲಿಲ್ಲ. ಎರಡನ್ನೂ ಬೇರೆ ಮಾಡಿ ತೋರಿಸುವುದು ಒಂದೇ, ಗೆರೆ. ವರ್ಷಗಟ್ಟಲೆ ಕುಳಿಯ ಅಂಚಿಗೆ ಬಡಿದೂ ಬಡಿದೂ ಹಳೆಯ ಗುಂಡಿನ ಮೈಮೇಲೆ ಕೂದಲಿಗಿಂತ ಸಣ್ಣದೊಂದು ಉಂಗುರ ಮೂಡಿರುತ್ತದೆ. ಗೆರೆ ಇದ್ದರೆ ಇದು ಲೋಡರಿನದು, ಲೋಡರ್ ಗುಂಡಿಲ್ಲದೆ ಓಡುತ್ತಿದೆ. ಗೆರೆ ಇಲ್ಲದಿದ್ದರೆ ಗ್ರೇಡರಿನದು, ನಿಶ್ಚಿಂತೆ. ಅವನು ಗುಂಡನ್ನು ಕಿಟಕಿಯ ಬೆಳಕಿಗೆ ಹಿಡಿದ. ಬಿಳಿಯ ಮಬ್ಬೊಂದು ಕಂಡಿತು. ಕೈ ಚಾಚಿ ದೂರ ಹಿಡಿದ, ಮಬ್ಬು ಚಿಕ್ಕದಾಯಿತು. ಹತ್ತಿರ ತಂದ, ಹತ್ತಿಯ ಉಂಡೆಯಾಯಿತು. ಒಳಗೆ ಪಾತ್ರೆ ತೊಳೆಯುವ ಸದ್ದು ನಿಂತಿತ್ತು. ನೋಡುತ್ತಿದ್ದಾಳೆ ಎಂದುಕೊಂಡು ಗುಂಡನ್ನು ಮುಷ್ಟಿಯಲ್ಲಿ ಮುಚ್ಚಿ ಚಪ್ಪಲಿ ಮೆಟ್ಟಿದ.

ಶೆಡ್ಡಿನಲ್ಲಿ ಅವನಿಗೆ ಗೆರೆ ಮೇಸ್ತ್ರಿ ಎಂದೇ ಹೆಸರು. ಯಾವುದೇ ನಟ್ಟು ಬಿಗಿ ಮಾಡಿದ ಮೇಲೆ ನಟ್ಟಿನಿಂದ ಅದು ಕೂತ ಮೈಯವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುವುದು ಅವನ ಪದ್ಧತಿ. ನಟ್ಟು ಸಡಿಲವಾದರೂ, ಯಾರಾದರೂ ತಿರುಗಿಸಿದರೂ, ಗೆರೆ ಎರಡು ತುಂಡಾಗಿ ಬೇರೆ ಬೇರೆ ನಿಲ್ಲುತ್ತದೆ. ಗೆರೆ ಕೂಡಿರೋ ತನಕ ಜವಾಬ್ದಾರಿ ನನ್ನದು, ಗೆರೆ ಮುರಿದರೆ ಮುಟ್ಟಿದವನದು ಎಂದು ಗೆರೆ ಕೊರೆದಂತೆ ಹೇಳುತ್ತಿದ್ದ. ಬಣ್ಣ ಇಟ್ಟುಕೊಳ್ಳುತ್ತಿದ್ದದ್ದು ಹೆಂಡತಿಯ ಉಗುರುಬಣ್ಣದ ಖಾಲಿ ಬಾಟಲಿಯಲ್ಲಿ, ಮುಚ್ಚಳಕ್ಕೇ ಕುಂಚ ಅಂಟಿಕೊಂಡದ್ದು. ನನಗಿಂತ ನಿಮ್ಮ ನಟ್ಟುಗಳಿಗೇ ಶೃಂಗಾರ ಜಾಸ್ತಿ ಎಂದು ಅವಳು ಆಡಿಕೊಳ್ಳುತ್ತಿದ್ದಳು. ಈಚೆಗೆ ಆಡಿಕೊಳ್ಳುವುದಿಲ್ಲ. ಆರು ತಿಂಗಳ ಹಿಂದೆ, ಸೂಜಿಗೆ ದಾರ ಪೋಣಿಸಿಕೊಡಿ ಎಂದು ಕೊಟ್ಟು, ಅವನು ದಾರವನ್ನು ಗಾಳಿಗೆ ಪೋಣಿಸುವುದನ್ನು ನೋಡಿ, ಒಂದು ಕನ್ನಡಕ ಹಾಕಿಸ್ಕೊಳ್ಳಬಾರದಾ ಎಂದಿದ್ದಳು. ಅದಕ್ಕೆ ಅವನು ಹನ್ನೊಂದು ದಿನ ಮಾತು ಬಿಟ್ಟ. ಕನ್ನಡಕ ಹಾಕಿದ ವಾಲ್ವ್ ಮೇಸ್ತ್ರಿಯನ್ನು ಯಾರು ಕೆಲಸದ ಬೆಂಚಿನ ಮುಂದೆ ಇಟ್ಟುಕೊಳ್ಳುತ್ತಾರೆ ಎಂಬುದು ಅವನ ವಾದ, ಅದನ್ನೂ ಅವಳಿಗೆ ಹೇಳಲಿಲ್ಲ. ಹನ್ನೆರಡನೆಯ ದಿನ ಅವಳೇ, “ನಿಮ್ಮ ಕಿವಿಯಲ್ಲೂ ಒಂದು ಗುಂಡು ಕೂತಿದೆ ಬಿಡಿ. ಒಳಗಿಂದ ಹೊರಗೆ ಬರುತ್ತೆ, ಹೊರಗಿಂದ ಒಳಗೆ ಏನೂ ಹೋಗಲ್ಲ,” ಎಂದು ಊಟಕ್ಕೆ ಕರೆದಿದ್ದಳು. ಹೋದ ವರ್ಷ ಕಂಪನಿಯವರು ಕಣ್ಣಿನ ಪರೀಕ್ಷೆ ಮಾಡಿಸಿದಾಗ ಸಣ್ಣ ಅಕ್ಷರದ ರಟ್ಟು ಓದಿಸಿದರು. ಸಾಲಿನಲ್ಲಿ ಮುಂದಿದ್ದ ವೆಲ್ಡರ್ ಓದಿದ್ದನ್ನು ಕಿವಿಯಲ್ಲಿ ತುಂಬಿಕೊಂಡು ಮೇಸ್ತ್ರಿ ಬಾಯಿಪಾಠ ಒಪ್ಪಿಸಿದ. ವೆಲ್ಡರ್ ಒಂದು ಪದ ತಪ್ಪಾಗಿ ಓದಿದ್ದನಂತೆ, ಮೇಸ್ತ್ರಿಯೂ ಅದನ್ನೇ ತಪ್ಪಿದ. ಪರೀಕ್ಷೆ ಮಾಡುತ್ತಿದ್ದ ಹೆಂಗಸು ಒಂದು ಸಲ ತಲೆಯೆತ್ತಿ ನೋಡಿ, ಮುದ್ರೆ ಒತ್ತಿದಳು. ಆ ನೋಟ ಈಗಲೂ ಬೆನ್ನ ಹಿಂದೆ ಎಲ್ಲೋ ನಿಂತ ಹಾಗಿತ್ತು.

ಗೇಟಿನ ಹತ್ತಿರ ಫೋನ್ ತೆಗೆದ. ಹೆಸರುಗಳು ಕಾಣುವುದಿಲ್ಲವಾದ್ದರಿಂದ ಭಾಮೈದನ ನಂಬರನ್ನು ಬೆರಳಿನ ನೆನಪಿನಲ್ಲೇ ಒತ್ತಬೇಕು. ಒತ್ತಿದ್ದರೆ ಮುಗಿಯಿತು: ಬಂಡಿ ನಿಲ್ಲಿಸು, ಬರ್ತಾ ಇದ್ದೀನಿ. ಎರಡೇ ಮಾತು. ಆದರೆ ಬಂಡಿ ನಿಂತರೆ ಜಲ್ಲಿ ಮಾಡುವ ಕ್ರಷರ್ ನಿಲ್ಲುತ್ತದೆ, ಕ್ರಷರ್ ನಿಂತರೆ ಫೋರ್‌ಮನ್ ಬರುತ್ತಾನೆ, ಯಾಕೆ ಎನ್ನುತ್ತಾನೆ. ಆಮೇಲೆ ಗುಂಡಿನ ಮೇಲೆ ಗೆರೆಯೇ ಇಲ್ಲವೆಂದಾದರೆ? ಮೇಸ್ತ್ರಿಗೆ ಗೆರೆ ಇದೆಯೋ ಇಲ್ಲವೋ ಅದೂ ಕಾಣಲ್ಲವಂತೆ ಎಂದಾಗುತ್ತದೆ. ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಮೊದಲು ಗೆರೆ ನೋಡೋಣ, ಆಮೇಲೆ ಫೋನ್ ಎಂದುಕೊಂಡು ಜೇಬಿಗೆ ಹಾಕಿದ. ಹೀಗೆ ಅಂದುಕೊಳ್ಳುತ್ತಿರುವ ಹೊತ್ತಿಗೇ ಲೋಡರ್ ಆ ದಾರಿಯಲ್ಲಿ ಒಂದು ಸಲ ಇಳಿದಿರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಕಿದ. ಅಷ್ಟರಲ್ಲಿ ಫೋರ್‌ಮನ್ ಎದುರಿಗೇ ಬಂದು, ಏನು ಮೇಸ್ತ್ರಿ, ಆರಾಮಾ ಎಂದ. ದಿನಾ ‘ಏನು ಸಮಾಚಾರ’ ಎನ್ನುವವನು ಇವತ್ತು ‘ಆರಾಮಾ’ ಯಾಕೆಂದ? ನನಗೇನಾಗಿದೆ, ಚೆನ್ನಾಗೇ ಇದ್ದೀನಲ್ಲ ಎಂದು ಮೇಸ್ತ್ರಿ ತುಸು ಜೋರಾಗಿಯೇ ಹೇಳಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ಎಂದು ತಾನೇ ಆಮೇಲೆ ಹಲುಬಿದ. ಬೆಂಚಿನ ಮೇಲೆ ಉದ್ದ ಕತ್ತಿನ ದೀಪ ಉರಿಯುತ್ತಿತ್ತು. ಹೋದ ತಿಂಗಳು ಯಾರೂ ಕೇಳದೆ ಯಾರೋ ತಂದು ಅವನ ಬೆಂಚಿಗೆ ಮಾತ್ರ ಬಿಗಿದಿದ್ದ ದೀಪ. ಬೇರೆ ಬೆಂಚುಗಳಿಗೆ ಯಾಕಿಲ್ಲ? ಅದರ ಕೆಳಗೆ ಗುಂಡನ್ನು ಹಿಡಿದು ನೋಡಿದ. ಬೆಳಕು ಗುಂಡಿನಿಂದ ಚಿಮ್ಮಿ ಕಣ್ಣಿಗೇ ಹೊಡೆಯಿತು. ಉಗುರಿನಿಂದ ಸವರಿದ, ನುಣುಪು. ಅವನ ಉಗುರು ಎಂಥೆಂಥ ಗೀರನ್ನು ಹಿಡಿದ ಉಗುರು. ಆದರೆ ಗುಂಡಿನ ಗೆರೆಗೆ ಆಳವಿಲ್ಲ, ಅದು ಬರೀ ಹೊಳಪಿನ ವ್ಯತ್ಯಾಸ. ಸುತ್ತ ನೋಡಿ, ಗುಂಡನ್ನು ಕೆಳತುಟಿಯ ಮೇಲೆ ಉರುಳಿಸಿದ. ಸೋಪಿನ ರುಚಿ ಬಂತು, ಗೆರೆ ಸಿಗಲಿಲ್ಲ.

ಉಳಿದದ್ದು ಸ್ಟೋರಿನಾಕೆ, ಶೆಡ್ಡಿಗೆ ಬಿಡಿಭಾಗ ಕೊಡುವವಳು. ಹತ್ತಿರದ ಕಣ್ಣು ಹದ್ದಿನದು, ಆದರೆ ಅವನಿಗೆ ಶೆಡ್ಡಿನಲ್ಲಿ ಎಲ್ಲರಿಗಿಂತ ಹೆಚ್ಚು ಅನುಮಾನವಿದ್ದದ್ದು ಅವಳ ಮೇಲೇ. ಸೀಲಿನ ಪೊಟ್ಟಣದಲ್ಲಿ ಗುಂಡು ಬಂದಿಲ್ಲ ಎಂದವಳೂ ಅವಳೇ. ಬಂದದ್ದನ್ನು ತೆಗೆದಿಟ್ಟಿರಬಾರದೇಕೆ? ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಒಮ್ಮೆ ಅವಳು ನಗುತ್ತಲೇ ಹೇಳಿದ್ದಳು, ಹಳದಿ ಬಣ್ಣದ ಬಾಟಲಿ ತುಂಬಿಸಿಕೊಡುತ್ತ. ಅವನು ಹೋದಾಗ ಅವಳ ಮುಂದೆ ಸಣ್ಣ ಗುಂಡುಗಳ ಡ್ರಾಯರ್ ಅರ್ಧ ತೆರೆದಿತ್ತು. ಅವನನ್ನು ಕಂಡು ಮೊಣಕೈಯಿಂದ ಅದನ್ನು ಒಳಕ್ಕೆ ತಳ್ಳಿದಳು. ಕಣ್ಣಿಗೆ ಧೂಳ್ ಬಿದ್ದಿದೆಯಮ್ಮ, ಈ ಗುಂಡಿನ ಮೇಲೆ ಗೆರೆ ಇದೆಯಾ ನೋಡು ಎಂದು ಅವನು ಕಣ್ಣುಜ್ಜಿಕೊಂಡ. ಉಜ್ಜಿಕೊಳ್ಳುವುದು ಹೆಚ್ಚಾಯಿತೇನೋ ಎನಿಸಿತು. ಅವಳು ಗುಂಡನ್ನು ಎರಡು ಬೆರಳಲ್ಲಿ ಹಿಡಿದಳು.

“ಗೆರೆ ಗಿರೆ ಏನೂ ಇಲ್ಲ ಅಣ್ಣ. ಹೊಸದು,” ಎಂದಳು.

ಎದೆಯ ಮೇಲಿಂದ ಬಂಡೆ ಇಳಿದಂತಾಯಿತು. ಬೆಂಚಿಗೆ ಬಂದು, ನೀರು ಕುಡಿದು, ಸ್ಪ್ಯಾನರ್ ಕೈಗೆ ತೆಗೆದುಕೊಂಡ. ಆಗ ಬಂಡೆ ಮತ್ತೆ ಹತ್ತಿತು. ಅವಳು ಗುಂಡನ್ನು ಹೊರಳಿಸಿ ನೋಡಲಿಲ್ಲ. ಉಂಗುರದ ಗೆರೆ ಹುಡುಕುವವರು ಗುಂಡನ್ನು ಬೆರಳಲ್ಲಿ ಉರುಳಿಸಿ ಎಲ್ಲ ಕಡೆ ನೋಡಬೇಕು. ಅವಳು ಹಿಡಿದಳು, ಇಲ್ಲ ಎಂದಳು. ಯಾವ ಗೆರೆ, ಯಾಕೆ ಎಂದೂ ಕೇಳಲಿಲ್ಲ. ಉತ್ತರ ಮೊದಲೇ ತಯಾರಿತ್ತು, ಪ್ರಶ್ನೆ ಬರುವುದನ್ನೇ ಕಾಯುತ್ತಿತ್ತು. ಕೈಯಲ್ಲಿದ್ದ ಸ್ಪ್ಯಾನರನ್ನು ಅವನು ಸದ್ದಾಗದಂತೆ ಕೆಳಗಿಟ್ಟ. ಹೊರಗೆ ಕ್ವಾರಿಗೆ ಹೊರಟಿದ್ದ ನೀರಿನ ಟ್ಯಾಂಕರ್ ನಿಂತಿತ್ತು. ಲೋಡರಿನ ಹೋಸ್ ಒಂದು ನೋಡಿ ಬರ್ತೀನಿ ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಹತ್ತಿ ಕೂತ.

ಟ್ಯಾಂಕರಿನವನು ಮಾತಿನ ಮಲ್ಲ. ಬೆಳಿಗ್ಗೆ ಶಿಫ್ಟ್ ಶುರುವಾಗೋ ಮುಂಚೇನೇ ನಿಮ್ಮ ಭಾಮೈದ ಸ್ಟೋರಿನ ಬಾಗಿಲಲ್ಲಿ ನಿಂತಿದ್ದನಲ್ಲ, ಅಷ್ಟು ಬೇಗ ಏನು ಕೆಲಸ ಎಂದ. ಮೇಸ್ತ್ರಿ ರಸ್ತೆ ನೋಡುತ್ತಿದ್ದ. ದೂರದ್ದು ಅವನಿಗೆ ಚೆನ್ನಾಗಿ ಕಾಣುತ್ತಿತ್ತು; ದಾರಿಯ ಕೊನೆಯ ಕಂಬದ ಮೇಲಿನ ಕಾಗೆಗಳನ್ನೂ ಎಣಿಸಬಹುದಿತ್ತು. ಭಾಮೈದ, ಸ್ಟೋರಿನಾಕೆ, ನಲ್ಲಿಯ ನೀರಿನ ಸದ್ದಿನಲ್ಲಿ ಹೆಂಡತಿ. ಮೂರೂ ಸೇರಿ ಒಂದು ಚಿತ್ರವಾಯಿತು. ಬೆಂಚಿನ ಕೆಲಸ ನೆರಳಿನದು, ಕೂತು ಮಾಡುವುದು. ಹತ್ತು ವರ್ಷ ಧೂಳು ಕುಡಿದ ಭಾಮೈದನಿಗೆ ಅದರ ಮೇಲೆ ಆಸೆ ಹುಟ್ಟಿದರೆ ತಪ್ಪೇನು? ಅಕ್ಕನಿಗೆ ತಮ್ಮ ಹೆಚ್ಚೋ ಗಂಡ ಹೆಚ್ಚೋ? ಯಾವುದೋ ಗುಂಡನ್ನು ಜೇಬಿಗೆ ಹಾಕಿ, ತಟ್ಟೆಯ ಪಕ್ಕ ಇಟ್ಟು, ಇವನು ಬಾಯಿ ಬಿಡುತ್ತಾನೋ ಮುಚ್ಚಿಡುತ್ತಾನೋ ಎಂದು ಮೂವರೂ ಕಾದು ಕೂತಿದ್ದಾರೆ. ಬಾಯಿ ಬಿಟ್ಟರೂ ಕೆಟ್ಟ, ಮುಚ್ಚಿಟ್ಟರೂ ಕೆಟ್ಟ. ಹಾಗಿದ್ದರೆ ಲೋಡರಿಗೆ ಏನೂ ಆಗಿಲ್ಲ, ಆಗಿರುವುದು ತನಗೆ. ಟ್ಯಾಂಕರ್ ರಸ್ತೆಯ ಹಳ್ಳಕ್ಕೆ ಇಳಿದು ಎದ್ದಿತು. ಆ ಕುಲುಕಿನಲ್ಲಿ ಅವನಿಗೊಂದು ಯೋಚನೆ ಬಂತು: ಇವರೆಲ್ಲ ಸೇರಿ ಹೀಗೆ ಮಾಡಿರುವುದಕ್ಕಿಂತ ಗುಂಡಿನ ಮೇಲೆ ನಿಜವಾಗಿ ಗೆರೆ ಇದ್ದರೇ ವಾಸಿ. ಯೋಚಿಸಿದ ಮೇಲೆ ಅದರ ಅರ್ಥ ಹೊಳೆಯಿತು. ತನ್ನನ್ನು ಯಾರೂ ಆಡಿಕೊಳ್ಳದಿರಲೆಂದು, ಭಾಮೈದ ಗುಂಡಿಲ್ಲದ ಬಂಡಿಯಲ್ಲಿ ಆ ದಾರಿ ಇಳಿಯಲಿ ಎಂದು ತಾನು ಈಗ ಬಯಸಿದ್ದ. ಥೂ ನನ್ನ ಬಾಳಿಗೆ ಎಂದುಕೊಂಡ. ಬಾಯಿಬಿಟ್ಟೇ ಅಂದಿರಬೇಕು, ಟ್ಯಾಂಕರಿನವನು ಏನಂದ್ರಿ ಎಂದು ಕೇಳಿದ. ಬೇಗ ಓಡಿಸಪ್ಪ ಎಂದ ಮೇಸ್ತ್ರಿ.

ಕ್ವಾರಿಯ ಬುಡದಲ್ಲಿ ಇಳಿದು ತಲೆಯೆತ್ತಿದಾಗ ಲೋಡರ್ ಮೇಲಿನಿಂದ ಇಳಿಯುತ್ತಿತ್ತು, ಬಕೆಟ್ ಖಾಲಿ, ಗೋಡೆಗೆ ಒತ್ತಿಕೊಂಡು, ಬಹಳ ನಿಧಾನವಾಗಿ. ಅಷ್ಟು ದೂರದಿಂದಲೂ ಭಾಮೈದ ಒಂದೇ ಕೈಯಲ್ಲಿ ಚಕ್ರ ಹಿಡಿದಿರುವುದು ಸ್ಪಷ್ಟವಾಗಿ ಕಂಡಿತು. ಎಡಗೈ ತೊಡೆಯ ಮೇಲಿತ್ತು. ಏನನ್ನು ಮುಚ್ಚಿಡುತ್ತಿದ್ದಾನೆ? ತಿರುವು ಬಂತು. ಮುಂದಿನ ಗಾಲಿ ಒಂದು ಕಲ್ಲನ್ನು ಹತ್ತಿ ಇಳಿಯಿತು. ಮೇಸ್ತ್ರಿಯ ಎರಡೂ ಕೈ ತಾವಾಗಿಯೇ ಗಾಳಿಯಲ್ಲಿ ಚಕ್ರ ಹಿಡಿದುಕೊಂಡವು. ಬಂಡಿ ಅಲುಗದೆ ತಿರುವು ಮುಗಿಸಿತು. ಅವನು ಎರಡು ಕೈ ಬೀಸುತ್ತ ದಾರಿಯ ನಡುವೆ ನಿಂತುಬಿಟ್ಟ.

ಭಾಮೈದ ಬಂಡಿ ನಿಲ್ಲಿಸಿ, ಬಿಸಿಲಲ್ಲಿ ಯಾಕೆ ಬಂದ್ರಿ ಭಾವ ಎಂದು ಮೇಲಿನಿಂದಲೇ ಕೇಳಿದ. ಮೇಸ್ತ್ರಿ ಪಕ್ಕದ ಕಲ್ಲುರಾಶಿ ತೋರಿಸಿ, ಅದಕ್ಕೆ ಓರೆಯಾಗಿ ಮೂತಿ ಕೊಟ್ಟು ನಿಲ್ಲಿಸು, ಇಂಜಿನ್ ನಿಧಾನಕ್ಕಿಡು, ಇಳಿ ಎಂದ. ಭಾಮೈದ ಹೇಳಿದಷ್ಟು ಮಾಡಿ ಇಳಿದ. ಮಂಡಿ ಹಿಡಿದುಕೊಂಡು ಮೇಲೆ ಹತ್ತಿ, ಇನ್ನೂ ಬೆಚ್ಚಗಿದ್ದ ಸೀಟಿನಲ್ಲಿ ಕೂತು ಮೇಸ್ತ್ರಿ ಚಕ್ರವನ್ನು ರಾಶಿಯ ಕಡೆ ತಿರುಗಿಸಿ ಒತ್ತಿ ಹಿಡಿದ. ಇಡೀ ರಾಶಿ ಬಂಡಿಯನ್ನು ಹಿಂದಕ್ಕೆ ನೂಕುತ್ತಿತ್ತು. ಗುಂಡಿಲ್ಲದಿದ್ದರೆ ಆ ನೂಕು ಈಗ ಎಣ್ಣೆಯ ದಾರಿ ಹಿಡಿದು ಬಂದು ಅಂಗೈಗೆ ಒದೆಯಬೇಕು. ಹೆಬ್ಬೆರಳುಗಳನ್ನು ಚಕ್ರದ ಒಳಗಿಂದ ತೆಗೆದು ಹೊರಗಿಟ್ಟುಕೊಂಡು ಕಾದ. ಒದೆಯಲಿಲ್ಲ. ಇನ್ನೊಂದು ಕಡೆ ತಿರುಗಿಸಿ ಕಾದ, ಮತ್ತೆ ಮೊದಲಿನ ಕಡೆ. ಚಕ್ರ ಕಂಬದ ಹಾಗೆ ನಿಂತಿತ್ತು. ಗುಂಡು ಒಳಗಿದೆ. ತಾನು ಹಾಕಿದ್ದೇನೆ! ಸ್ಟೋರಿನಾಕೆ ನಿಜವನ್ನೇ ಹೇಳಿದ್ದಾಳೆ, ಹೆಂಡತಿ ಸುಮ್ಮನೆ ‘ಹಳೇದಾ’ ಎಂದಿದ್ದಾಳೆ, ಲೋಕ ಸರಿಯಾಗಿದೆ. ನಗು ಬಂತು. ಇಳಿದು, ಅಭ್ಯಾಸದ ಮೇಲೆ, ಕ್ಯಾಬಿನ್ನಿನ ಕೆಳಗೆ ಕೈ ಹಾಕಿ, ತಾನೇ ನಿನ್ನೆ ಬಿಗಿ ಮಾಡಿದ್ದ ಹೋಸಿನ ನಟ್ಟಿನ ಮೇಲೆ ಉಗುರು ಆಡಿಸಿದ. ಒಣಗಿದ ಬಣ್ಣದ ಸಣ್ಣ ಉಬ್ಬು ಉಗುರಿಗೆ ಸಿಕ್ಕಿತು. ಅದರ ಗುಂಟ ಉಗುರು ಇಳಿಯಿತು, ನಟ್ಟಿನ ಅಂಚಿಗೆ ಬಂತು. ಮುಂದೆ ವಾಲ್ವಿನ ಮೈಮೇಲೆ ಗೆರೆ ಇರಲಿಲ್ಲ. ಹುಡುಕಿದ. ಬೆರಳಿನಷ್ಟು ಆಚೆಗೆ ಇತ್ತು.

“ಗೆರೆ ಕೂಡಿಲ್ಲ,” ಎಂದ.

ಭಾಮೈದ ರಾಶಿಯ ಕಡೆ ನೋಡುತ್ತಿದ್ದ.

“ಯಾರು ಬಿಚ್ಚಿದ್ದು?”

“ನಾನೇ, ಭಾವ.”

ಎಡಗೈ ಬೆನ್ನ ಹಿಂದಿತ್ತು. ತೋರಿಸು ಎಂದ ಮೇಸ್ತ್ರಿ. ಹೆಬ್ಬೆರಳಿಗೆ ದಪ್ಪನಾಗಿ ಬಟ್ಟೆ ಸುತ್ತಿತ್ತು. ಅಕ್ಕ ನಿನ್ನೆ ಸಂಜೆ ಫೋನ್ ಮಾಡಿ, ನಿಮ್ಮ ಭಾವನ ಜೇಬಲ್ಲಿ ಗುಂಡು ಸಿಕ್ಕಿದೆ, ನನಗ್ಯಾಕೋ ಭಯ, ಬೆಳಿಗ್ಗೆ ಮೊದಲು ನೋಡಿಕೋ ಎಂದಳಂತೆ. ಅವನು ಬೆಳಿಗ್ಗೆ ಬೇಗ ಬಂದು ಇದೇ ರಾಶಿಗೆ ಮೂತಿ ಕೊಟ್ಟು ನೋಡಿದ. ಹೆಬ್ಬೆರಳು ಹೊರಗಿಡಬೇಕೆಂಬುದು ನೆನಪಾಗುವ ಮೊದಲೇ ಚಕ್ರ ಒದ್ದಿತು. ಆಮೇಲೆ ಸ್ಟೋರಿಗೆ ಹೋಗಿ ಒಂದು ಗುಂಡು ಇಸಕೊಂಡು, ನಟ್ಟು ಬಿಚ್ಚಿ ಹಾಕಿ, ಬಿಗಿ ಮಾಡಿದ. ಭಾವನಿಗೆ ಹೇಳೋದು ಬೇಡ ಅಂತ ಸ್ಟೋರಿನಾಕೆಗೂ ನಾನೇ ಹೇಳಿದ್ದು ಎಂದ. ಬೆಂಚಿಗೆ ದೀಪ ಹಾಕಿಸಿದ್ದೂ ಅವನು, ಸ್ಟೋರಿನಾಕೆ ಇಬ್ಬರೇ ಅಂತೆ. ಇದನ್ನೆಲ್ಲ ಅವನು ತಪ್ಪು ಒಪ್ಪಿಕೊಳ್ಳುವವನ ಹಾಗೆ, ನೆಲ ನೋಡುತ್ತ ಹೇಳಿದ. ತಪ್ಪು ಯಾರದು, ಒಪ್ಪಿಕೊಳ್ಳುತ್ತಿರುವವನು ಯಾರು ಎಂದು ಮೇಸ್ತ್ರಿಗೆ ಒಂದು ಕ್ಷಣ ತಿಳಿಯದಂತಾಯಿತು. ಅವನ ಅನುಮಾನ ಒಂದೂ ಸುಳ್ಳಾಗಿರಲಿಲ್ಲ. ಫೋನ್ ಇತ್ತು, ಪಿಸುಮಾತು ಇತ್ತು, ಮೂವರೂ ಸೇರಿದ್ದೂ ನಿಜ, ಸ್ಟೋರಿನಾಕೆ ಸುಳ್ಳು ಹೇಳಿದ್ದೂ ನಿಜ. ಎಲ್ಲವನ್ನೂ ಸರಿಯಾಗಿಯೇ ಹಿಡಿದಿದ್ದ. ನಾಚಿಕೆಯಿಂದ ಕಿವಿ ಸುಟ್ಟವು.

“ನನ್ನನ್ನ ಕೇಳಬಹುದಿತ್ತಲ್ಲೋ.”

“ಕೇಳೋ ಹಾಗೆ ಇದ್ದೀರಾ ಭಾವ?” ಎಂದ ಭಾಮೈದ. ದನಿಯಲ್ಲಿ ಸಿಟ್ಟಿರಲಿಲ್ಲ. “ಹನ್ನೊಂದು ದಿನ ಅಕ್ಕ ಒಬ್ಬಳೇ ಕೂತು ಊಟ ಮಾಡಿದಾಳೆ.”

ಇಂಜಿನ್ ಇನ್ನೂ ಗುನುಗುತ್ತಿತ್ತು. ಮೇಲೆ ಎಲ್ಲೋ ಲಾರಿಯವನು ಹಾರ್ನ್ ಹೊಡೆದ, ದಾರಿ ಬಿಡಿ ಎಂದು. ಯಾರೂ ಅಲುಗಲಿಲ್ಲ. ಹಾಗಾದ್ರೆ ನಾನು ಹಿಡ್ಕೊಂಡಿರೋದು ಏನನ್ನ ಎಂದು ಕೇಳಿದ್ದ ಹುಡುಗನಿಗೆ ಈಗ ಕಿವಿಯ ಹತ್ತಿರ ಕೂದಲು ನರೆತಿತ್ತು. ಅಷ್ಟು ಹತ್ತಿರದಿಂದ ಅದೂ ಬರೀ ಬಿಳಿ ಮಬ್ಬು. ಮೇಸ್ತ್ರಿ ಜೇಬಿನಿಂದ ಗುಂಡು ತೆಗೆದು ಅವನ ಅಂಗೈಯಲ್ಲಿಟ್ಟ.

“ಗೆರೆ ಇದೆಯಾ? ನಿಜ ಹೇಳು.”

ಭಾಮೈದ ಗುಂಡನ್ನು ಎರಡು ಬೆರಳ ನಡುವೆ ಉರುಳಿಸಿದ. ಈ ಕಡೆ, ಆ ಕಡೆ, ಮೇಲೆ, ಕೆಳಗೆ, ಬಿಸಿಲಿಗೆ ತಿರುಗಿಸಿ ಎಲ್ಲ ಕಡೆ ನೋಡಿದ.

“ಇದೆ.”

“ನನಗೆ ಕಾಣಿಸಲ್ಲ,” ಎಂದ ಮೇಸ್ತ್ರಿ. “ವರ್ಷ ಆಯ್ತು. ಹತ್ತಿರದ್ದು ಏನೂ ಕಾಣಿಸಲ್ಲ ಕಣೋ.”

“ಗೊತ್ತು ಭಾವ,” ಎಂದ ಭಾಮೈದ.

ಲಾರಿಯವನು ಮತ್ತೆ ಹಾರ್ನ್ ಹೊಡೆದ. ಮೇಸ್ತ್ರಿ ಕೂತುಕೊಂಡು ಹಳೆಯ ಗೆರೆಯ ಎರಡೂ ತುಂಡುಗಳನ್ನು ಉಗುರಿನಿಂದಲೇ ಕೆರೆದು ತೆಗೆದ. ಕೆರೆದದ್ದು ಪೂರ್ತಿ ಹೋಯಿತೇ ಎಂದು ಬೆರಳಿನಿಂದ ಸವರಿ ನೋಡಿಕೊಂಡ. ಆಮೇಲೆ ಜೇಬಿನಿಂದ ಉಗುರುಬಣ್ಣದ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ, ಕುಂಚವನ್ನು ಭಾಮೈದನ ಕಡೆ ಚಾಚಿದ. ಮೂವತ್ತು ವರ್ಷದಲ್ಲಿ ಆ ಕುಂಚ ಇನ್ನೊಬ್ಬರ ಕೈಗೆ ಹೋಗಿರಲಿಲ್ಲ. ಎಳಿ ಎಂದ. ಭಾಮೈದ ಅಂಗಿಗೆ ಕೈ ಒರೆಸಿಕೊಂಡು, ನಾಲಿಗೆ ಕಚ್ಚಿಕೊಂಡು, ಬಲಗೈಯಲ್ಲಿ ನಟ್ಟಿನಿಂದ ವಾಲ್ವಿನ ಮೈವರೆಗೆ ಎಳೆದ. ಮೇಸ್ತ್ರಿಗೆ ಹಳದಿಯೊಂದು ಹಬೆಯಂತೆ ಕಂಡಿತು.

“ನೆಟ್ಟಗಿದೆಯಾ?”

“ಸ್ವಲ್ಪ ಸೊಟ್ಟ.”

“ಇರಲಿ. ಕೂಡಿದೆಯಾ?”

“ಕೂಡಿದೆ ಭಾವ.”

ಸವರಿ ನೋಡಲು ಅವನ ಉಗುರು ನಟ್ಟಿನ ತನಕ ಹೋಯಿತು. ಬಣ್ಣ ಇನ್ನೂ ಹಸಿಯಾಗಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.